ಬಿಡಿ ಬೈಗುಳ

ಬೈಗುಳದಲ್ಲಿ ಸಗಟು, ಬಿಡಿ ಎಂದು ಎರಡು ನಮೂನೆ. ಸಗಟಿನದು ಎಲ್ಲ ಕಡೆ ಧಾರಾಳವಾಗಿ ಸಿಗುತ್ತದೆ. ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಇಡೀ ಸಾಲಿಗೆ ಬೈಯುತ್ತಾರೆ, ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದ ಅಷ್ಟೂ ಮಂದಿಗೆ ಬೈಯುತ್ತಾನೆ, ಪುಢಾರಿ ಮೈಕು ಹಿಡಿದು ಇಡೀ ವಿರೋಧ ಪಕ್ಷಕ್ಕೆ ಬೈಯುತ್ತಾನೆ. ಯಾರಿಗೂ ತಟ್ಟುವುದಿಲ್ಲ. ಬಿಡಿ ಬೈಗುಳದ ಮಾತೇ ಬೇರೆ. ಬೈಯುವವರಿಗೆ ನಿಮ್ಮ ಹೆಸರು ಗೊತ್ತಿರಬೇಕು, ಹೋದ ವಾರ ನೀವು ಮಾಡಿದ ಘನಕಾರ್ಯ ನೆನಪಿರಬೇಕು, ನಿಮ್ಮ ಸೋದರಮಾವನೂ ಈ ವಯಸ್ಸಿನಲ್ಲಿ ಹೀಗೇ ಇದ್ದನೆಂಬುದಕ್ಕೆ ಪುರಾವೆ ಕೈಯಲ್ಲಿರಬೇಕು. ಒಬ್ಬನ ಬಗ್ಗೆ ಇಷ್ಟೊಂದು ಅಭ್ಯಾಸ ಮಾಡಿದವರು ಮಾತ್ರ ಬಿಡಿಯಾಗಿ ಬೈಯಬಲ್ಲರು. ಹಾಗಾಗಿ ಅದು ಹೆಚ್ಚಾಗಿ ಮನೆಯಲ್ಲೇ ಸಿಗುವ ಮಾಲು.

ನನ್ನ ಮನೆಯಲ್ಲಿ ಅದಕ್ಕೆ ಎಂದೂ ಬರ ಇರಲಿಲ್ಲ. 1990ರ ದಶಕದ ಕೊನೆಯ ಮಾತು. ಮೂಡಲಗಿ ಆಗಿನ್ನೂ ತಾಲೂಕಾಗಿರಲಿಲ್ಲ, ನಮ್ಮದೆಲ್ಲ ಗೋಕಾಕ ತಾಲೂಕೇ. ಬಿ.ಎ. ಮುಗಿಸಿ, ಬಿ.ಎಡ್. ಸೀಟಿಗೆ ಅರ್ಜಿ ಹಾಕಿ ಕಟ್ಟೆಯ ಮೇಲೆ ಕೂತಿದ್ದೆ. ಮುಂಜಾನೆ ಅಪ್ಪ, ಮಧ್ಯಾಹ್ನ ಅವ್ವ, ಸಂಜೆ ಹೊಲದಿಂದ ಬರುವ ಕಾಕಾ, ಹೀಗೆ ಪಾಳಿಯ ಪ್ರಕಾರ ನನಗೆ ಸಲ್ಲಬೇಕಾದದ್ದು ಸಲ್ಲುತ್ತಿತ್ತು. ಗೋಕಾಕ ಫಾಲ್ಸಿನ ಮಿಲ್ಲಿನಲ್ಲೂ ಅಷ್ಟು ಶಿಸ್ತಿನಿಂದ ಪಾಳಿ ಬದಲಾಗುತ್ತಿತ್ತೋ ಇಲ್ಲವೋ. ಅಂಥ ಹೊತ್ತಿನಲ್ಲಿ ಪರಿಚಯದ ಮಾಸ್ತರರೊಬ್ಬರು, ಘಟಪ್ರಭಾ ಸ್ಟೇಷನ್ನಿನ ಆಚೆ ಕ್ರೈಸ್ತ ಮಿಷನ್ನಿನವರ ಒಂದು ಹುಡುಗರ ಹಾಸ್ಟೆಲ್ಲಿದೆ, ಬಡವರ ಮನೆಯ, ದಿಕ್ಕಿಲ್ಲದ ಹುಡುಗರನ್ನು ಇಟ್ಟುಕೊಂಡಿದ್ದಾರೆ, ಸಂಜೆ ಪಾಠ ಹೇಳಿಕೊಂಡು ಅಲ್ಲೇ ಇರಲು ಒಬ್ಬ ಬೇಕಂತೆ ಎಂದರು. ಪಗಾರ ಇಲ್ಲ, ಊಟ ವಸತಿ ಉಂಟು. ಬೈಗುಳವಿಲ್ಲದ ಊಟ ಎಂದರೆ ಅದೇ ಪಗಾರ ಎಂದುಕೊಂಡು ಅರಿವಿ ಗಂಟು ಕಟ್ಟಿದೆ.

“ಅಲ್ಲಿ ಹೋಗಿ ಕಿರಿಸ್ತಾನ ಆಗಿ ಬಂದೀ ಮತ್ತ!” ಎಂದು ಅವ್ವ ಗಾಬರಿಯಾದಳು.

“ಅವ್ರರ ಇವನ್ನ ತಗೊಂಡ ಏನ ಮಾಡ್ತಾರ? ನಾವ ಇಟಗೊಂಡ ಏನ ಮಾಡಾಕತ್ತೀವಿ?” ಎಂದ ಅಪ್ಪ.

ಮಿಷನ್ನಿನವರು ನಮ್ಮ ಜಿಲ್ಲೆಗೆ ನಿನ್ನೆ ಮೊನ್ನೆ ಬಂದವರಲ್ಲ. ಲಂಡನ್ ಮಿಷನ್ನಿನವರು 1820ರಲ್ಲೇ ಬೆಳಗಾವಿಯಲ್ಲಿ ಬಿಡಾರ ಹೂಡಿದ್ದರು. ಎಂಬತ್ತು ಚಿಲ್ಲರೆ ವರ್ಷ ಸಾಲಿ, ಚರ್ಚು ನಡೆಸಿ 1904ರಲ್ಲಿ ತಮ್ಮ ಕೆಲಸವನ್ನು ಮೆಥಡಿಸ್ಟರ ಕೈಗೊಪ್ಪಿಸಿದರು. ಕ್ಯಾಥೊಲಿಕ್ಕರ ಬೆಳಗಾವಿ ಧರ್ಮಪ್ರಾಂತ ಆದದ್ದು 1953ರಲ್ಲಿ. ನಮ್ಮ ಅಜ್ಜನ ಲೆಕ್ಕದಲ್ಲಿ ಈ ಎಲ್ಲರೂ ಒಂದೇ, “ಸಾಲಿ ಕಟ್ಟೂ ಮಂದಿ.”

ಹಾಸ್ಟೆಲ್ಲಿನ ಫಾದರು ದಕ್ಷಿಣ ಕನ್ನಡದವರು. ಮನೆಮಾತು ಕೊಂಕಣಿ, ಬೀದಿಮಾತು ತುಳು, ಕನ್ನಡ ಪಠ್ಯಪುಸ್ತಕದ್ದು. ಅವರ ಪ್ರತಿ ವಾಕ್ಯಕ್ಕೂ ಕರ್ತೃ, ಕರ್ಮ, ಕ್ರಿಯಾಪದ ತಪ್ಪದೆ ಇರುತ್ತಿದ್ದವು. ಗೋಕಾಕದ ಹುಡುಗರು ಅಷ್ಟು ಪೂರ್ತಿಯಾದ ವಾಕ್ಯಗಳನ್ನು ಅದುವರೆಗೆ ಕೇಳಿದ್ದು ಧಾರವಾಡ ಆಕಾಶವಾಣಿಯಲ್ಲಿ ಮಾತ್ರ. ಧರ್ಮಾಂತರದ ಬಗ್ಗೆ ಏನಾದರೂ ಕೇಳಿದರೆ ಏನು ಹೇಳಬೇಕೆಂದು ಟೆಂಪೋದಲ್ಲಿ ಕೂತು ತಯಾರಿ ಮಾಡಿಕೊಂಡೇ ಹೋಗಿದ್ದೆ. ಅವರು ಕೇಳಿದ್ದು ಎರಡೇ ಪ್ರಶ್ನೆ.

“ಏಳನೆಯ ತರಗತಿಯ ಗಣಿತ ನಿಮಗೆ ಬರುತ್ತದೆಯೋ?”

“ಬರತೈತ್ರಿ.”

“ತುರಿಕಜ್ಜಿಗೆ ಔಷಧಿ ಹಚ್ಚಲು ಅಸಹ್ಯ ಇಲ್ಲವಷ್ಟೆ?”

ಎರಡನೆಯದು ಯಾಕೆಂದು ಅದೇ ಸಂಜೆ ತಿಳಿಯಿತು. ಒಬ್ಬನಿಗೆ ಕಜ್ಜಿಯಾದರೆ ವಾರದೊಳಗೆ ಚಾಪೆ ಚಾಪೆಗೂ ದಾಟುತ್ತದೆ. ತುರಿಸುವವನಿಗಷ್ಟೇ ಹಚ್ಚಿದರೆ ಸಾಲದು, ತುರಿಸದವನಿಗೂ ಹಚ್ಚಬೇಕು, ಅದೂ ಕುತ್ತಿಗೆಯಿಂದ ಅಂಗಾಲಿನವರೆಗೆ. ಅರವತ್ತರ ಆಸುಪಾಸಿನ ಹುಡುಗರು ಚಡ್ಡಿಯ ಮೇಲೆ ಸಾಲಾಗಿ ನಿಂತರು. ಬೆಂಜೈಲ್ ಬೆಂಜೋಯೇಟ್ ಎಂಬ ಬಿಳಿ ಔಷಧಿಯ ಬಾಟ್ಲಿ, ಅರಳಿ ಹಿಡಿದು ನಾನು. ಹಿತ್ತಲಲ್ಲಿ ಅಡುಗೆಯ ಆಯಿ ಹಂಡೆಯಲ್ಲಿ ಅವರ ಅರಿವಿಗಳನ್ನೆಲ್ಲ ಕುದಿಸುತ್ತ, ಎಲ್ಲರಿಗೂ ಸೇರಿಸಿ ಬೈಯುತ್ತಿದ್ದಳು. ನಾನು ಬಿ.ಎ.ಯಲ್ಲಿ ಸಮಾಜಶಾಸ್ತ್ರ ಓದಿದ್ದೆ. ಸಮಾಜವನ್ನು ಕೈಯಿಂದ ಮುಟ್ಟಿದ್ದು ಅವತ್ತೇ ಮೊದಲು. ಔಷಧಿ ಚುರುಚುರು ಎಂದಾಗ ಅದು “ಯವ್ವಾ” ಎನ್ನುತ್ತಿತ್ತು.

ಹೆಸರಿನದೊಂದು ತೊಡಕಿತ್ತು. ಯಲ್ಲಪ್ಪ ಎಂದು ಕೂಗಿದರೆ ನಾಲ್ವರು “ಓ” ಅನ್ನುತ್ತಿದ್ದರು, ಬಸವರಾಜ ಎಂದರೆ ಲೆಕ್ಕವೇ ಇಲ್ಲ. ಹುಡುಗರು ಇದಕ್ಕೆ ತಾವೇ ಉಪಾಯ ಕಂಡುಕೊಂಡಿದ್ದರು. ನಮ್ಮ ಕಡೆ ಊರೇ ಅಡ್ಡಹೆಸರು. ಆನಂದಕಂದರೆಂದು ಬರೆದ ಕೃಷ್ಣಶರ್ಮರೂ ಬೆಟಗೇರಿಯನ್ನು ಹೆಸರಿನ ಮುಂದೆ ಹೊತ್ತೇ ತಿರುಗಿದವರು. ಹಾಗೆ ಹಾಸ್ಟೆಲ್ಲಿನಲ್ಲಿ ಒಬ್ಬ ಕುಲಗೋಡ, ಒಬ್ಬ ಕೌಜಲಗಿ, ಒಬ್ಬ ಸುಣಧೋಳಿ, ಹುಕ್ಕೇರಿ ಕಡೆಯಿಂದ ಬಂದ ಒಬ್ಬ ಹಿಡಕಲ್, ಮತ್ತೊಬ್ಬ ಪಾಶ್ಚಾಪುರ. ಊಟದ ಹೊತ್ತಿಗೆ “ಕೌಜಲಗಿ ನನ್ನ ರೊಟ್ಟಿ ಕಸಗೊಂತ್ರಿ”, “ಹಿಡಕಲ್ ಅಳಾಕತ್ತೈತ್ರಿ” ಎಂಬ ವರದಿಗಳು ಬರುತ್ತಿದ್ದವು. ಅವರ ನಡುವೆ ಆರನೇತ್ತಿಯ ಒಬ್ಬ ಮಸಗುಪ್ಪಿ. ಕಡ್ಡಿಯಂಥ ಮೈ, ಮೈಗೆ ಮೀರಿದ ಕಿವಿ. ಅಪ್ಪ ಗೋವಾಕ್ಕೆ ದುಡಿಯಲು ಹೋದವನು ಅಲ್ಲೇ ಉಳಿದುಬಿಟ್ಟಿದ್ದ. ಅವ್ವ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಸಾಂಗಲಿ, ಕೊಲ್ಹಾಪುರದ ಕಡೆ ಹೋಗುತ್ತಿದ್ದಳು.

ಎಲ್ಲರ ಕಥೆಯೂ ಹೆಚ್ಚು ಕಡಿಮೆ ಈ ಜಾಡಿನದೇ. ಗ್ಯಾಂಗು, ಗೋವಾ, ಸೆರೆ ಅಂಗಡಿ. ಕೆಲವರ ಅರ್ಜಿಯಲ್ಲಿ ತಂದೆಯ ಹೆಸರಿರಬೇಕಾದ ಜಾಗದಲ್ಲಿ ತಾಯಿಯ ಹೆಸರಿತ್ತು. ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರು ಅವರು. ಹಾಗೆ ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲೇ ಮಾಡಿತ್ತು. ಕಾಯ್ದೆ ವಿಧಾನಸೌಧದಿಂದ ಹೊರಟು ಓಣಿ ಮುಟ್ಟುವುದರೊಳಗೆ ಒಂದು ತಲೆಮಾರಿನ ಹುಡುಗರು ಹುಟ್ಟಿ ಸಾಲಿಗೆ ಬಂದಿದ್ದರು. 1997ರಲ್ಲಿ ಆ ತಾಯಂದಿರೇ ಘಟಪ್ರಭೆಯಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿಕೊಂಡರು. ಅದರ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ನಾನಿದ್ದಾಗ ಆ ಪದ್ಮಶ್ರೀ ಇನ್ನೂ ಮುಂದಿನ ಮಾತು. ಆಗ ನಮ್ಮ ಹುಡುಗರಿಗೆ ತಂದೆ ಎಂದರೆ ಹಾಜರಿ ಪುಸ್ತಕದಲ್ಲಿ ಬರುವ ಊರ ಹೆಸರು.

ಸೇವೆ ಮಾಡಲು ಬರುವವರಲ್ಲಿ ನಾನೇ ಮೊದಲಿಗನೇನೂ ಅಲ್ಲ. ಹುಡುಗರು ಈ ವಿಷಯದಲ್ಲಿ ನುರಿತವರು. ಗೇಟಿನಲ್ಲಿ ಗಾಡಿ ನಿಂತೊಡನೆ ಬಂದವರ ಜಾತಿ ಹೇಳುತ್ತಿದ್ದರು. ಕೇಕು ಹಿಡಿದು ತಮ್ಮ ಮಗನ ಹುಟ್ಟುಹಬ್ಬವನ್ನು ಇಲ್ಲಿ ಮಾಡಲು ಬರುವವರು “ಬರ್ತ್‌ಡೇ ಮಂದಿ.” ಬಾಳೆಹಣ್ಣಿಗಿಂತ ಕ್ಯಾಮೆರಾ ದೊಡ್ಡದಾಗಿದ್ದರೆ “ಫೋಟೊ ಮಂದಿ.” ವಿದೇಶದಿಂದ ಬಂದು ಕೆಲ ದಿನ ಇದ್ದು ಹೋಗುವ ತರುಣ ತರುಣಿಯರು “ಬಣ್ಣದ ಮಂದಿ”, ಯಾಕೆಂದರೆ ಅವರು ಬಂದಾಗಲೆಲ್ಲ ಊಟದ ಕೋಣೆಯ ಗೋಡೆಗೆ ಬಣ್ಣ ಹಚ್ಚಿ ಹೋಗುತ್ತಿದ್ದರು. ಹಚ್ಚಬೇಕಾದ ಗೋಡೆ ಒಂದೇ, ಬರುವ ತಂಡಗಳು ಬೇರೆ ಬೇರೆ. ಉಗುರಿನಿಂದ ಕೆರೆದರೆ ನೀಲಿಯ ಕೆಳಗೆ ಹಸಿರು ಸೇವೆ, ಹಸಿರಿನ ಕೆಳಗೆ ಹಳದಿ ಸೇವೆ ಸಿಗುತ್ತಿತ್ತು. ಒಳ್ಳೆಯ ಜನ ಅವರು. ಎಲ್ಲರ ತಲೆಯನ್ನೂ ಸವರುತ್ತಿದ್ದರು, ಎಲ್ಲರಿಗೂ “ಗುಡ್ ಬಾಯ್” ಎನ್ನುತ್ತಿದ್ದರು. ಹೊರಡುವ ದಿನ ಕಣ್ಣೀರು ಹಾಕುತ್ತಿದ್ದರು. ಹುಡುಗರೇ ಅವರನ್ನು ಸಮಾಧಾನ ಮಾಡಿ ಟೆಂಪೋ ಹತ್ತಿಸಿ, ಬಂದು ಕಬಡ್ಡಿ ಆಡುತ್ತಿದ್ದರು. ಪ್ರೀತಿಯಲ್ಲೂ ಸಗಟಿನದೇ ಅವರಿಗೆ ಸಿಗುತ್ತಿತ್ತೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ನನ್ನನ್ನು ಯಾವ ಜಾತಿಗೆ ಸೇರಿಸಬೇಕೆಂದು ಅವರಿಗೆ ತಿಳಿಯಲಿಲ್ಲ. ಕೇಕಿಲ್ಲ, ಕ್ಯಾಮೆರಾ ಇಲ್ಲ, ಬ್ರಶ್ಶೂ ಇಲ್ಲ.

“ಸರ, ನಿಮ್ಮನ್ನ ಮನ್ಯಾಗಿಂದ ಹೊರಗ ಹಾಕ್ಯಾರೇನ್ರಿ?” ಎಂದು ಒಂದು ದಿನ ಕೌಜಲಗಿ ಅನುಕಂಪದಿಂದ ಕೇಳಿದ. ನನ್ನ ತಟ್ಟೆಗೆ ಒಂದು ರೊಟ್ಟಿ ಹೆಚ್ಚಿಗೆ ಬೀಳತೊಡಗಿದ್ದು ಆಮೇಲೆ.

ಆಫೀಸಿನ ಗೋಡೆಯ ಮೇಲೆ ಸಂತ ಡಾನ್ ಬಾಸ್ಕೋ ಅವರ ಪಟ ಇತ್ತು. ಇಟಲಿಯವರು, 1815ರಲ್ಲಿ ಹುಟ್ಟಿದವರು. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡವರು. ಹುಡುಗನಾಗಿದ್ದಾಗ ಜಾದೂ, ದೊಂಬರಾಟ, ಹಗ್ಗದ ಮೇಲೆ ನಡೆಯುವುದು ಎಲ್ಲ ಕಲಿತಿದ್ದರಂತೆ. ಆಟ ತೋರಿಸಿ ಮಂದಿ ಸೇರಿಸಿ ಕೊನೆಗೆ ಪ್ರಾರ್ಥನೆ ಮಾಡಿಸುತ್ತಿದ್ದರಂತೆ. ಪಾದ್ರಿಯಾದ ಮೇಲೆ 1841ರಿಂದ ಟ್ಯೂರಿನ್ ಪಟ್ಟಣದ ಬೀದಿ ಹುಡುಗರನ್ನು ಕೂಡಿಹಾಕಿಕೊಂಡು ಕಸುಬು ಕಲಿಸಿದರು, 1859ರಲ್ಲಿ ಅದಕ್ಕೊಂದು ಸಭೆ ಕಟ್ಟಿದರು. ಅದೇ ಸಭೆಯವರು ನಮ್ಮ ಬೆಂಗಳೂರಿನಲ್ಲಿ 1980ರಲ್ಲಿ ‘ಬೆಂಗಳೂರು ಓಣಿಯವರ ಸೇವಾ ಕೂಟ’ ಶುರುಮಾಡಿದ್ದು. ನಮ್ಮ ಫಾದರು ಆ ಸಭೆಯವರಲ್ಲ, ಆದರೂ ಅವರಿಗೆ ಬಾಸ್ಕೋ ಎಂದರೆ ಪ್ರಾಣ. ಹೊಡೆಯಬಾರದು, ನಾಲ್ಕು ಮಂದಿಯ ಮುಂದೆ ಮಾನ ಕಳೆಯಬಾರದು, ತಪ್ಪು ಮಾಡುವ ಮೊದಲೇ ಅಕ್ಕರೆಯಿಂದ ತಡೆಯಬೇಕು, ಮಾಡಿದ ಮೇಲೆ ಒಬ್ಬನನ್ನೇ ಕರೆದು ವಿವೇಕ ಹೇಳಬೇಕು, ಇದು ಬಾಸ್ಕೋ ಪದ್ಧತಿ. ಬಡಿಗೆಯೇ ಮೇಷ್ಟರ ಮೂರನೆಯ ಕೈ ಎಂದು ನಂಬಿದ್ದ ಆ ಕಾಲದಲ್ಲಿ ಇದು ದೊಡ್ಡ ಮಾತು. ಹುಡುಗರಿಗೆ ಇದರಲ್ಲಿ ಒಂದು ಸಂಗತಿ ಮಾತ್ರ ಹಿಡಿಸಿತ್ತು. ಅವರ ಬಾಯಲ್ಲಿ ಆ ಪಟ “ಹಗ್ಗದ ಮ್ಯಾಲ ನಡಿಯೂ ಅಜ್ಜ.”

ಒಂದು ಭಾನುವಾರ ಮಸಗುಪ್ಪಿ ಅರಿವಿ ಒಣಹಾಕುವ ಹಗ್ಗದ ಮೇಲೆ ನಡೆದ. ಅಂದರೆ ಹತ್ತಿದ. ನಡೆಯುವ ಮೊದಲೇ ಹಗ್ಗ ಹರಿದು, ಅದರ ಮೇಲಿದ್ದ ಫಾದರ ಬಿಳಿ ನಿಲುವಂಗಿಯನ್ನು ಹಿಡಿದುಕೊಂಡೇ ನೆಲಕ್ಕೆ ಬಂದ. ನಿಲುವಂಗಿ ಕುತ್ತಿಗೆಯಿಂದ ಸೊಂಟದವರೆಗೆ ಎರಡಾಯಿತು. ಫಾದರು ಅವನನ್ನು ಒಳಗೆ ಕರೆದು ಕೂಡಿಸಿ, ನೀರು ಕೊಟ್ಟು, “ಮಗೂ, ನೀನು ಹೀಗೆ ಮಾಡಬಾರದಿತ್ತು. ಬಿದ್ದು ಕೈಕಾಲು ಮುರಿದಿದ್ದರೆ ಏನು ಗತಿ? ಈ ಕುರಿತು ನೀನು ಯೋಚಿಸಿ ನೋಡು” ಎಂದರು. ಹುಡುಗ ಪ್ರದೇಶ ಸಮಾಚಾರ ಕೇಳಿದವನ ಮುಖ ಮಾಡಿಕೊಂಡು ಹೊರಬಿದ್ದ. ಸೀದಾ ನನ್ನ ಹತ್ತಿರ ಬಂದು ನಿಂತ.

“ಸರ, ನಾ ಫಾದರ ಅಂಗಿ ಹರದ್ನಿರಿ.”

“ಗೊತ್ತಾತ.”

“ಪೂರಾ ಹರೀತ್ರಿ.”

“ನೋಡೇನಪಾ.”

ಹೋಗಲೊಲ್ಲ. ಕಾಲ ಬೆರಳಿನಿಂದ ನೆಲ ಕೆರೆಯುತ್ತ ನಿಂತೇ ಇದ್ದ.

“ಮತ್ತ ನೀವ ಏನೂ ಅನ್ನಾಂಗಿಲ್ಲೇನ್ರಿ?”

ಅವನಿಗೆ ಏನು ಬೇಕಾಗಿದೆಯೆಂದು ಒಮ್ಮೆಲೆ ತಿಳಿಯಿತು. ಆ ವಿದ್ಯೆಯಲ್ಲಿ ನಾನು ಹುಟ್ಟಿದಾಗಿನಿಂದ ತರಬೇತಿ ಪಡೆದವನು. ಅಪ್ಪನ ಧಾಟಿಯಲ್ಲಿ ಎತ್ತಿಕೊಂಡೆ. “ಏ ಹುಚಪ್ಯಾಲಿ, ಹೋದ ವಾರ ಹುಣಸಿ ಗಿಡಾ ಏರಿ ಬಿದ್ದಿ, ಮೊಣಕಾಲಿಂದ ಹಕ್ಕಳಿ ಇನ್ನಾ ಉದುರಿಲ್ಲ, ಈಗ ಹಗ್ಗಾ ಏರತೀ? ಕಿವಿ ಅಷ್ಟ ಅಗಲ ಅದಾವು ಅಂತ ಹಾರಾಕ ಬರತೈತಿ ಅಂದ್ಕೊಂಡಿಯೇನ? ನಿಮ್ಮವ್ವ ಬಿಸಲಾಗ ಕಬ್ಬ ಕಡದ ಸಾಯಾಕತ್ತಾಳ, ನೀ ಇಲ್ಲಿ ದೊಂಬರಾಟ ಕಲ್ಯಾಕತ್ತೀ? ನಿನ್ನ ಹೆಣಾ ಎತ್ತಲಿ, ಸೂಜಿ ದಾರ ತಗೊಂಬಾ, ಹೊಲಿ ಆ ಅಂಗಿ!” ನಡುವೆ ಎಲ್ಲೂ ಉಸಿರು ಬಿಡಲಿಲ್ಲ. ಮಸಗುಪ್ಪಿಯ ಮುಖ ನಿಧಾನವಾಗಿ ಅರಳಿತು. “ಹೂಂನ್ರಿ” ಎಂದು ಓಡಿದ. ಗಳಿಗೆಯಲ್ಲಿ ಹಿತ್ತಲಿನಿಂದ ಅವನ ದನಿ ಕೇಳಿಸಿತು, “ಏ ಕುಲಗೋಡ, ಸರ ನನಗ ಒಬ್ಬಾಂವಗ ಎಷ್ಟ ಬೈದ್ರ ಗೊತ್ತೇನ!”

ಮರುದಿನದಿಂದ ಗಿರಾಕಿಗಳು ಶುರುವಾದರು. ರಾತ್ರಿ ಪಾಠ ಮುಗಿದ ಮೇಲೆ ಒಬ್ಬೊಬ್ಬನೇ ಬಂದು ತನ್ನ ತಪ್ಪನ್ನು ಒಪ್ಪಿಸುವುದು, ನಾನು ಅವನವನ ಯೋಗ್ಯತೆ ನೋಡಿ ಬೈಯುವುದು. ಸ್ವಂತ ತಪ್ಪಿಲ್ಲದವರು ಕಡ ತಂದರು. “ಸರ, ನಾ ಟ್ರ್ಯಾಕ್ಟರಿಂದ ಕಬ್ಬ ಎಳದನ್ರಿ” ಎಂದ ಸುಣಧೋಳಿ. ಆಗ ಆಷಾಢ, ಫ್ಯಾಕ್ಟರಿ ಶುರುವಾಗಲು ಇನ್ನೂ ಮೂರ್ನಾಲ್ಕು ತಿಂಗಳಿತ್ತು. ಅವನಿಗೆ ಸುಳ್ಳು ಹೇಳಿದ್ದಕ್ಕೆ ಬೈದೆ. ಖುಷಿಯಿಂದ ಹೋದ. ಫಾದರು ಕಿಟಕಿಯಿಂದ ಈ ಸಾಲನ್ನು ನೋಡಿ, “ನನ್ನ ಪಾಪನಿವೇದನೆಯ ಪೆಟ್ಟಿಗೆಯ ಮುಂದೆ ಇಷ್ಟು ಜನರು ಎಂದೂ ನಿಂತಿಲ್ಲ ಮಾರಾಯ್ರೇ” ಎಂದರು. ಬಾಸ್ಕೋ ಪದ್ಧತಿಗೆ ಇದು ಕೂಡುತ್ತದೆಯೋ ಇಲ್ಲವೋ ಎಂದು ಅವರಿಗೆ ನಿಜವಾಗಿಯೂ ಚಿಂತೆಯಾಗಿತ್ತು. ನನ್ನ ಬೈಗುಳಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಕಪಾಟಿನಿಂದ ಕಿಟೆಲ್ಲರ ನಿಘಂಟನ್ನು ಇಳಿಸಿದರು. 1894ರಲ್ಲಿ ಅಚ್ಚಾದ, ಎಪ್ಪತ್ತು ಸಾವಿರ ಪದಗಳ ಆ ಮಹಾಗ್ರಂಥವೂ ಒಬ್ಬ ಮಿಷನರಿಯ ಕೆಲಸವೇ. ಹುಬ್ಬಳ್ಳಿ ಧಾರವಾಡದ ನೀರು ಕುಡಿದ ಮನುಷ್ಯ, ಏನಾದರೂ ದಾರಿ ತೋರಿಸಿಯಾನೆಂಬ ಆಸೆ ಅವರಿಗೆ. ಬಹಳ ಹೊತ್ತು ಹಾಳೆ ತಿರುವಿ, ಪುಸ್ತಕ ಮುಚ್ಚಿ, “ಇರಲಿ, ಮುಂದುವರಿಸಿ” ಎಂದರು.

ಡಿಸೆಂಬರ್ ಬಂತು. ಕ್ರಿಸ್ತ ಜಯಂತಿಗೆ ಗೋದಲಿ ಕಟ್ಟುವ ಗುತ್ತಿಗೆ ಹುಡುಗರದು. ಅವರು ಮಾಡಿದ ಬೆತ್ಲೆಹೇಮಿನಲ್ಲಿ ಖರ್ಜೂರದ ಮರಗಳ ಬದಲು ಕಬ್ಬು ಬೆಳೆದಿತ್ತು, ಕೊಟ್ಟಿಗೆಯಲ್ಲಿ ಕೋಡಿಗೆ ಬಣ್ಣ ಹಚ್ಚಿದ ಖಿಲಾರಿ ಎತ್ತುಗಳು ನಿಂತಿದ್ದವು. ಮೂವರು ಜ್ಞಾನಿಗಳಲ್ಲಿ ಒಬ್ಬ ಬಂಗಾರ, ಒಬ್ಬ ಲೋಬಾನ, ಮೂರನೆಯವನು ಕರದಂಟಿನ ಡಬ್ಬಿ ಹಿಡಿದಿದ್ದ. “ಗೋಕಾಕದಾಗಿಂದ ಹೋದ ಮ್ಯಾಲ ಮತ್ತೇನ ಒಯ್ಯೂದ್ರಿ?” ಎಂಬುದು ಅವರ ವಾದ.

ರಾತ್ರಿ ನಾಟಕ. ನಮ್ಮದು ಪಾರಿಜಾತದ ಸೀಮೆ. ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ಬೆಳೆಸಿದ ತಮ್ಮಣ್ಣ ಕುಲಗೋಡದವರು, ಅದರಿಂದ ಹೆಸರಾದ ನಿಂಗಮ್ಮ ಕೌಜಲಗಿಯವರು. ರುಕ್ಮಿಣಿಗೆ ಒಂದು ಹೂವು ಕೊಟ್ಟದ್ದಕ್ಕೆ ಸತ್ಯಭಾಮೆಯಿಂದ ದೇವರಿಗೇ ಬೆಳತನಕ ಬೈಸುವ ಆಟ ಅದು. ಆ ಆಟ ನೋಡಿ ಬೆಳೆದ ಹುಡುಗರಿಗೆ ಫಾದರು ಬರೆದುಕೊಟ್ಟ ಏಸುಜನನದ ನಾಟಕ ಸಪ್ಪೆಯಾಗಿ ಕಂಡದ್ದು ಸಹಜ. ಛತ್ರದ ಯಜಮಾನನಿಗೆ ಅದರಲ್ಲಿ ಇದ್ದದ್ದು ಒಂದೇ ಮಾತು, “ಇಲ್ಲಿ ಸ್ಥಳವಿಲ್ಲ, ಮುಂದಕ್ಕೆ ಹೋಗಿರಿ.” ಆ ಪಾತ್ರ ಮಸಗುಪ್ಪಿಯದು. ಕುಲಗೋಡ ಜೋಸೆಫನಾಗಿ ಬಂದು ಬಾಗಿಲು ಬಡಿದ. ಮಸಗುಪ್ಪಿ ಫಾದರ ಮಾತನ್ನು ಚೊಕ್ಕವಾಗಿ ಹೇಳಿದ. ಆಮೇಲೆ ಮೇರಿಯ ಕಡೆ ನೋಡಿದ, ಜೋಸೆಫನ ಕಡೆ ನೋಡಿದ, ತಡೆಯಲಾಗಲಿಲ್ಲ.

“ಅಲ್ಲೋ, ಬಸರ ಹೆಂಗಸನ್ನ ಕತ್ತಿ ಮ್ಯಾಲ ಕುಂದರಸ್ಕೊಂಡ ಇಂಥಾ ಥಂಡ್ಯಾಗ ಊರೂರ ತಿರಗಸಾಕತ್ತೀ, ನಿನಗೇನರ ಬುದ್ಧಿ ಐತಿಲ್ಲೋ? ಅಕಿಗೆ ತವರಮನಿ ಇಲ್ಲೇನ? ಬಡಿಗ್ಯಾ ಅಂತೀ, ಒಂದ ಹೊರಸ ಮಾಡ್ಕೊಂಡ ಬರಾಕ ಆಗಲಿಲ್ಲೇನ? ಕೌದಿ ತಂದಿಯೇನ? ಹೋಗ್ಲಿ, ಕೂಸಿಗೆ ಒಂದ ಕುಂಚಿಗಿ?”

ಜೋಸೆಫನಿಗೆ ನಾಟಕ ಮರೆತೇಹೋಯಿತು. ತಲೆ ತಗ್ಗಿಸಿ “ತಪ್ಪಾತ್ರಿ” ಎಂದ. ನೋಡಲು ಬಂದಿದ್ದ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು “ಬರೋಬ್ಬರಿ ಐತಿ, ಬೈ, ಇನ್ನೀಟ ಬೈ” ಎಂದು ಯಜಮಾನನ ಪಕ್ಷ ಹಿಡಿದರು. ಫಾದರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಜನ ಚದುರಿದ ಮೇಲೆ ನನಗೆ ಹೇಳಿದರು, “ಇದು ಬೈಬಲ್ಲಿನಲ್ಲಿ ಇಲ್ಲ. ಆದರೆ ಆ ರಾತ್ರಿ ಜೋಸೆಫನನ್ನು ಯಾರಾದರೂ ಇಷ್ಟು ವಿಚಾರಿಸಿದ್ದರೆ ಅವನಿಗೆ ಒಳ್ಳೆಯದೇ ಆಗುತ್ತಿತ್ತು.”

ಸಂಕ್ರಾಂತಿ ದಾಟಿದ ಮೇಲೆ ಒಂದು ಭಾನುವಾರ ಮಸಗುಪ್ಪಿಯ ಅವ್ವ ಬಂದಳು. ಗ್ಯಾಂಗಿನವರ ಕೈಕಾಲು ಹಿಡಿದು ಒಂದು ದಿನದ ಸೂಟಿ ತಗೊಂಡು ಬಂದಿದ್ದಳು. ಸಂಜೆಯ ಗಾಡಿಗೆ ತಿರುಗಿ ಹೋಗಬೇಕು. ಕೈತುಂಬ ಕಬ್ಬಿನ ಗರಿ ಕೊಯ್ದ ಗೀರುಗಳು. ಚುರುಮರಿಯ ಗಂಟು ಬಿಚ್ಚಿ ಮಗನ ಮುಂದಿಟ್ಟು ನೋಡುತ್ತ ಕೂತಳು. ಹುಡುಗ ಮೊದಲು ಹರಿದ ಚಡ್ಡಿ ತೋರಿಸಿದ. “ಇರ್ಲಿ ಬಿಡಪಾ, ಹೊಲಸೂಣು” ಎಂದಳು. ಆರುಮಾಸಿಕ ಪರೀಕ್ಷೆಯ ಮಾರ್ಕಿನ ಕಾರ್ಡು ತಂದು ಕೆಂಪು ಗೆರೆಗಳ ಮೇಲೆ ಬೆರಳಿಟ್ಟು ತೋರಿಸಿದ. ಅವಳಿಗೆ ಓದಲು ಬರುತ್ತಿರಲಿಲ್ಲ, ಕೆಂಪೆಂದರೆ ಏನೆಂದು ಅವನೇ ಹೇಳಿದ. “ಮುಂದಿನ ಸಲ ಆಗ್ತೀಯಾಳ” ಎಂದು ತಲೆ ಸವರಿದಳು. ಫಾದರ ನಿಲುವಂಗಿ, ಹುಣಸೆಮರ, ಒಡೆದ ಕಿಟಕಿ ಗಾಜು, ಒಂದೊಂದಾಗಿ ತನ್ನ ಎಲ್ಲ ಪರಾಕ್ರಮವನ್ನು ಅವಳ ಮುಂದೆ ಸುರಿದ. ಅವಳು ಎಲ್ಲದಕ್ಕೂ ನಕ್ಕಳು. ಸೆರಗಿನಿಂದ ಅವನ ಮುಖ ಒರೆಸಿದಳು. ಒಂದೇ ಒಂದು ಬಿರುಸಿನ ಮಾತು ಅವಳ ಬಾಯಿಂದ ಹೊರಡಲಿಲ್ಲ. ಅವಳ ಗಾಡಿ ಹೋದ ಮೇಲೆ ಹುಡುಗ ಚುರುಮರಿಯ ಗಂಟನ್ನು ಹುಡುಗರಿಗೆ ಕೊಟ್ಟುಬಿಟ್ಟು ಹಗ್ಗದ ಕಂಬದ ಬುಡದಲ್ಲಿ ಕೂತ.

“ನಮ್ಮವ್ವ ಏನೂ ಅನ್ನಲಿಲ್ರಿ ಸರ” ಎಂದ, ದೂರು ಕೊಡುವವನ ಹಾಗೆ.

ಬೈಯಲಿಕ್ಕೂ ಪುರುಸೊತ್ತು ಬೇಕು. ಇವತ್ತು ಬೈದು, ರಾತ್ರಿ ಮುನಿಸಿಕೊಂಡು, ಮುಂಜಾನೆ ಎಬ್ಬಿಸಿ ಚಾ ಕುಡಿಸುವಷ್ಟು ನಾಳೆಗಳು ಕೈಯಲ್ಲಿರಬೇಕು. ಒಂದು ದಿನದ ಸೂಟಿಯಲ್ಲಿ ಬಂದ ತಾಯಿ ಆ ಒಂದು ದಿನವನ್ನು ಬೈಯುವುದರಲ್ಲಿ ಹೇಗೆ ಕಳೆದಾಳು? ಬರ್ತ್‌ಡೇ ಮಂದಿ, ಬಣ್ಣದ ಮಂದಿ, ಎಲ್ಲರೂ ಮುದ್ದು ಮಾಡಿಯೇ ಹೋಗುತ್ತಿದ್ದುದೂ ಅದಕ್ಕೇ. ಹೋಗುವವರು ಮುದ್ದು ಮಾಡುತ್ತಾರೆ, ಇರುವವರು ಬೈಯುತ್ತಾರೆ. ನಮ್ಮ ಮನೆಯಲ್ಲಿ ಮೂರು ಪಾಳಿಯಲ್ಲಿ ನನಗೆ ಸಿಗುತ್ತಿದ್ದದ್ದು ಏನೆಂದು ಆ ಕಂಬದ ಹತ್ತಿರ ನಿಂತಾಗ ತಿಳಿಯಿತು. ಮುಂದಿನ ಭಾನುವಾರ ಊರಿಗೆ ಹೋಗಿ ಬಂದೆ. ಅಪ್ಪ ಗೇಟಿನಲ್ಲೇ ಶುರುಮಾಡಿದ. ಪೂರ್ತಿ ಮುಗಿಯುವವರೆಗೆ ಚಪ್ಪಲಿ ಬಿಡದೆ ನಿಂತು ಕೇಳಿದೆ.

ಬಿ.ಎಡ್. ಸೀಟು ಸಿಕ್ಕಿತೆಂದು ಕಾಗದ ಬಂದದ್ದನ್ನು ನಾನು ಹುಡುಗರಿಗೆ ಹೇಳಿರಲಿಲ್ಲ. ಕೊನೆಗೆ ಹೇಳಿದರಾಯಿತೆಂದು ಫಾದರಿಗೂ ಹೇಳಿ ಇಟ್ಟಿದ್ದೆ. ಆ ದಿನಗಳಲ್ಲಿ ಹಿಡಕಲ್ ನನ್ನ ಪೆನ್ನು ಮುರಿದ. “ಇರಲಿ ಬಿಡೋ” ಎಂದೆ. ಪಾಶ್ಚಾಪುರ ಗಣಿತದಲ್ಲಿ ಸೊನ್ನೆ ತಂದ. ಬೆನ್ನು ತಟ್ಟಿದೆ. ರಾತ್ರಿಯ ಸಾಲು ತಾನಾಗಿ ಕರಗಿತು. ಒಂದು ಸಂಜೆ ಮಸಗುಪ್ಪಿ ಬಂದು ನನ್ನ ಟ್ರಂಕಿನ ಮೇಲೆ ಕೂತು ಕೇಳಿದ, “ಯಾವಾಗ ಹೊಂಟ್ರಿ ಸರ?”

“ಯಾರ ಹೇಳಿದ್ರೋ ನಿನಗ?”

“ಯಾರೂ ಹೇಳಿಲ್ರಿ. ನೀವ ಬೈಯೂದ ಬಿಟ್ರಿ.”

ಟೆಂಪೋ ಹತ್ತಿಸಲು ಎಲ್ಲರೂ ಬಂದರು. ನನ್ನನ್ನು ಸಮಾಧಾನ ಮಾಡಿದರು. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಕಬಡ್ಡಿಗೆ ಗೆರೆ ಎಳೆಯುತ್ತಿದ್ದರು.

ಅಂಥ ಹಾಸ್ಟೆಲ್ಲುಗಳ ಕಾಲ ಈಗ ಬಹುಮಟ್ಟಿಗೆ ಸರಿದಿದೆ. 2015ರ ಬಾಲನ್ಯಾಯ ಕಾಯ್ದೆ ಮಕ್ಕಳನ್ನಿಡುವ ಸಂಸ್ಥೆಗಳಿಗೆಲ್ಲ ನೋಂದಣಿ ಕಡ್ಡಾಯ ಮಾಡಿತು. ಮಗುವಿಗೆ ಮೊದಲು ಕುಟುಂಬ, ಸಂಸ್ಥೆ ಎಂಬುದು ಎಲ್ಲ ದಾರಿಗಳೂ ಮುಗಿದ ಮೇಲೆ ಎಂದು ಅದರ ಮೂರನೆಯ ಕಲಮಿನಲ್ಲೇ ಬರೆದಿದೆ. ಫಾದರು ಗೋಡೆಯ ಮೇಲಿಟ್ಟ ಪಟಕ್ಕೂ ಈ ಕಲಮಿಗೂ ಜಗಳವಿಲ್ಲ. ಎರಡಕ್ಕೂ ಗೊತ್ತಿದ್ದದ್ದು ಒಂದೇ, ಅರವತ್ತು ಹುಡುಗರಿಗೆ ಒಬ್ಬ ದೊಡ್ಡವನು ಸಾಲುವುದಿಲ್ಲ. ಊಟ ಸಾಲುತ್ತದೆ, ಅರಿವಿ ಸಾಲುತ್ತದೆ, ಬೆಂಜೈಲ್ ಬೆಂಜೋಯೇಟೂ ಸಾಲುತ್ತದೆ. ಒಬ್ಬೊಬ್ಬನ ಮೊಣಕಾಲಿನ ಹಕ್ಕಳೆಯನ್ನು ನೆನಪಿಟ್ಟುಕೊಳ್ಳುವವರು ಸಾಲುವುದಿಲ್ಲ.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ, ಮೂಡಲಗಿ ಕಡೆಯ ಊರುಗಳಿಗೆ ನುಗ್ಗಿದ ವರ್ಷ, ಕಬ್ಬಿನ ಹಂಗಾಮಿನಲ್ಲಿ ಆ ದಾರಿಯಲ್ಲಿ ಹೋಗುತ್ತಿದ್ದೆ. ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳ ಸಾಲು ಚಾದಂಗಡಿಯವರೆಗೆ ನಿಂತಿತ್ತು. ಒಂದು ಟ್ರ್ಯಾಕ್ಟರಿನಿಂದ ಒಬ್ಬ ಇಳಿದು ಬಂದು ಕಾಲಿಗೆ ಬಿದ್ದ. ಮೈ ತುಂಬಿತ್ತು, ಮೀಸೆ ಬಂದಿತ್ತು. ಕಿವಿಯಿಂದ ಗುರುತು ಹಿಡಿದೆ. ಟ್ರ್ಯಾಕ್ಟರು ಸ್ವಂತದ್ದಂತೆ. ಅವ್ವ ಮನೆಯಲ್ಲಿದ್ದಾಳೆ, ಕಬ್ಬಿಗೆ ಹೋಗುವುದಿಲ್ಲ, ಕೂತಲ್ಲೇ ಎಲ್ಲರಿಗೂ ಬೈಯುತ್ತಾಳೆ. ನನಗೆ ಬಹಳ ಸಂತೋಷವಾಯಿತು. ಆಮೇಲೆ ಚಾ ಹೀರುತ್ತ ಮೆಲ್ಲನೆ ತೆಗೆದ.

“ಸರ, ಮಗ ನಾಕನೇತ್ತಿ ಅದಾನ್ರಿ. ಮನ್ಯಾಗ ಬಾಳ ಮುದ್ದ ಆಗಿ ಕೆಟ್ಟಾನ. ಯಾವದರ ಹಾಸ್ಟೆಲ್ಲಿಗೆ ಹಾಕೂಣ ಅಂತೀನ್ರಿ.”

ನಾನು ಕಪ್ಪು ಕೆಳಗಿಟ್ಟೆ. ಅಪ್ಪನ ಧಾಟಿ ಎಲ್ಲಿಗೂ ಹೋಗಿರಲಿಲ್ಲ. ಹಗ್ಗದಿಂದ ಎತ್ತಿಕೊಂಡು, ಹುಣಸೆಮರ ಹಾಯ್ದು, ಕೆಂಪು ಗೆರೆಯ ಮಾರ್ಕಿನ ಕಾರ್ಡು ಮುಟ್ಟಿ, ಕಂಬದ ಬುಡಕ್ಕೆ ತಂದು ನಿಲ್ಲಿಸಿದೆ. ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ಇಳಿದು ಬಂದು ಕೇಳಿದರು. ಅವನು ಕೈಕಟ್ಟಿ ತಲೆ ತಗ್ಗಿಸಿ ನಿಂತಿದ್ದ. ಮುಗಿದ ಮೇಲೆ ಚಾದಂಗಡಿಯವನ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದ, “ಕೇಳಿದ್ಯಾ? ನಮ್ಮ ಸರ. ಇಷ್ಟ ವರ್ಷದ ಬಾಕಿ ಬಡ್ಡಿ ಸುದ್ದಾ ಚುಕ್ತಾ ಮಾಡಿದ್ರ ನೋಡ. ಇನ್ನೆರಡ ಚಾ ಹಾಕ.”

ಹುಡುಗ ಊರ ಸಾಲಿಗೇ ಹೋಗುತ್ತಾನೆ. ಆಗೊಮ್ಮೆ ಈಗೊಮ್ಮೆ ರಾತ್ರಿ ಊಟದ ಹೊತ್ತಿಗೆ ಫೋನು ಬರುತ್ತದೆ. “ಸರ, ಮಗ ಕೇಳವಲ್ಲ, ನೀವ ಒಂದೀಟ ಬೈರಿ” ಎಂದು ಫೋನನ್ನು ಅವನ ಕೈಗೆ ಕೊಡುತ್ತಾನೆ. ಏನು ಮಾಡಿದ್ದಾನೆಂದು ಮೊದಲು ವಿವರವಾಗಿ ಕೇಳಿಕೊಳ್ಳುತ್ತೇನೆ, ಹೋದ ಸಲದ್ದನ್ನು ನೆನಪು ಮಾಡಿಕೊಳ್ಳುತ್ತೇನೆ, ಆಮೇಲೆ ಹೆಸರು ಹಿಡಿದು ಶುರುಮಾಡುತ್ತೇನೆ. ಇಷ್ಟು ವರ್ಷದ ಮಾಸ್ತರಿಕೆಯಲ್ಲಿ ನಾನು ಪಗಾರವಿಲ್ಲದೆ ಮಾಡುವ ಕೆಲಸ ಈಗ ಇದೊಂದೇ ಉಳಿದಿದೆ.